ಸ್ಕ್ರಬ್, ಪೀಲ್ ಹಚ್ಚುವ ಮುಂಚೆ ಬಾಟಲಿ ತಿರುಗಿಸಿ ಓದಿ

ಸಿಂಧನೂರಿನಿಂದ ಕೇಳಿದ ತಂಗಿಗೆ ಈ ಉತ್ತರ. ಉದ್ದ ಇದೆ, ನಿಧಾನವಾಗಿ ಓದಿ. ಮುಖದ ಸತ್ತ ಚರ್ಮ ತೆಗೆಯಲು ತಂದ ಮೂರು ಬಾಟಲಿಯ ಫೋಟೋ ಹಾಕಿದ್ದೀರಿ: ಏಪ್ರಿಕಾಟ್ ಸ್ಕ್ರಬ್, ಸ್ಯಾಲಿಸಿಲಿಕ್ ಫೇಸ್‌ವಾಶ್, ಇನ್ನೊಂದು ಕೆಂಪು ಬಣ್ಣದ ಪೀಲಿಂಗ್ ದ್ರವ. ನಿಮ್ಮದು ಎಣ್ಣೆ ಚರ್ಮ, ಮೊಡವೆ ಕಲೆ ಇದೆ. ಅಮ್ಮನದು ಒಣ ಚರ್ಮ, ಕೆನ್ನೆ ಮೇಲೆ ಬಂಗು, ಅದಕ್ಕೆ ಮೆಡಿಕಲ್ ಶಾಪಿನಲ್ಲಿ ಕೊಟ್ಟ ಯಾವುದೋ ಟ್ಯೂಬ್ ಹಚ್ಚುತ್ತಿದ್ದಾರೆ. ತಮ್ಮ ರೈಸ್ ಮಿಲ್ಲಿನ ಧೂಳಿನಲ್ಲಿ ಕೆಲಸ ಮಾಡುತ್ತಾನೆ, ಅವನ ಮುಖ ಬೇಗ ಕೆಂಪಾಗುತ್ತದೆ. ಮೂವರೂ ಇವನ್ನೇ ಹಚ್ಚಬಹುದಾ ಅಂತ ಕೇಳಿದ್ದೀರಿ.

ಬೇಡ. ಮೊದಲು ಆ ಕೆಂಪು ಬಾಟಲಿ ಎತ್ತಿಡಿ. ಅದರ ಮೇಲೆ ಎಎಚ್‌ಎ 30%, ಬಿಎಚ್‌ಎ 2% ಅಂತಿದೆ. ಬಿಎಚ್‌ಎ ಅಂದರೆ ಸ್ಯಾಲಿಸಿಲಿಕ್ ಆಮ್ಲ. ಗ್ಲೈಕೋಲಿಕ್, ಲ್ಯಾಕ್ಟಿಕ್ ಥರದ ಆಮ್ಲಗಳನ್ನು ಎಎಚ್‌ಎ ಅನ್ನುತ್ತಾರೆ. ಮನೆಯಲ್ಲಿ ಬಳಸುವ ವಸ್ತುವಿನಲ್ಲಿ ಇವು 10% ದಾಟಬಾರದು, ಪಿಎಚ್ (ಹುಳಿಯ ಅಳತೆ, ಕಡಿಮೆ ಇದ್ದಷ್ಟೂ ಆಮ್ಲ ಜೋರು) 3.5ಕ್ಕಿಂತ ಕೆಳಗೆ ಇಳಿಯಬಾರದು ಅಂತ ಅಮೆರಿಕದಲ್ಲಿ ಸೌಂದರ್ಯವರ್ಧಕಗಳನ್ನು ಪರಿಶೀಲಿಸುವ ತಜ್ಞರ ಸಮಿತಿ ಹೇಳಿದೆ. ನಿಮ್ಮ ಕೈಯಲ್ಲಿರುವುದು ಅದರ ಮೂರು ಪಟ್ಟು. ಅಭ್ಯಾಸ ಇದ್ದವರೂ ಅದನ್ನು ಹತ್ತು ನಿಮಿಷಕ್ಕೆ ತೊಳೆಯಬೇಕು. ಮೊದಲ ಸಲ ಆಮ್ಲ ಹಚ್ಚುವವರು ಅದನ್ನು ಮುಟ್ಟಲೇಬಾರದು ಅಂತ ನನ್ನ ಅಭಿಪ್ರಾಯ.

ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, ನಮ್ಮ ಕಂದು ಚರ್ಮ ಸುಟ್ಟರೆ ಬರೀ ಕೆಂಪಾಗಿ ಸುಮ್ಮನಾಗುವುದಿಲ್ಲ. ಸುಟ್ಟ ಜಾಗದಲ್ಲಿ ಬಣ್ಣ ಜಾಸ್ತಿ ಹುಟ್ಟಿ ಕಪ್ಪು ಕಲೆ ನಿಲ್ಲುತ್ತದೆ, ತಿಂಗಳುಗಟ್ಟಲೆ ಹೋಗುವುದಿಲ್ಲ. ಎಎಚ್‌ಎ ಹಚ್ಚಿದ ಚರ್ಮಕ್ಕೆ ಬಿಸಿಲು ಬೇಗ ತಾಗುತ್ತದೆ. ಹಚ್ಚುವುದು ನಿಲ್ಲಿಸಿದ ಮೇಲೂ ಒಂದು ವಾರ ಹುಷಾರಾಗಿರಬೇಕು. ನಮ್ಮ ರಾಯಚೂರು, ಬಳ್ಳಾರಿ ಬಿಸಿಲು ಬೇಸಿಗೆಯಲ್ಲಿ 40 ಡಿಗ್ರಿ ದಾಟುತ್ತದೆ. ಚಳಿ ದೇಶದಲ್ಲಿ ಕೂತು ವಿಡಿಯೋ ಮಾಡುವವರ ಲೆಕ್ಕ ನಮಗೆ ಹೊಂದುವುದಿಲ್ಲ, ಅಲ್ವಾ?

ಇನ್ನು ಬಾಟಲಿ ಓದುವುದು. ಮುಂದಿನ ಭಾಗದಲ್ಲಿ ಇರುವುದು ಜಾಹೀರಾತು. ಹಿಂದೆ ಸಣ್ಣ ಅಕ್ಷರದ ಪಟ್ಟಿ ಇರುತ್ತದೆ, ಅದನ್ನು ನೋಡಿ. ಜಾಸ್ತಿ ಇರುವುದು ಮೊದಲು, ಕಡಿಮೆ ಇರುವುದು ಆಮೇಲೆ ಬರುತ್ತದೆ. 1%ಗಿಂತ ಕಡಿಮೆ ಇರುವುದನ್ನು ಮಾತ್ರ ಯಾವ ಕ್ರಮದಲ್ಲಾದರೂ ಬರೆಯಬಹುದು. ಹಾಗಾಗಿ ಲ್ಯಾಕ್ಟಿಕ್ ಆಸಿಡ್ ಅನ್ನುವುದು ಪಟ್ಟಿಯ ಕೊನೆಯಲ್ಲಿ, ಸುವಾಸನೆಗಿಂತಲೂ ಕೆಳಗೆ ಇದ್ದರೆ, ಅದು ಸತ್ತ ಚರ್ಮ ತೆಗೆಯುವಷ್ಟು ಇಲ್ಲ ಅಂತ ತಿಳಿಯಿರಿ. ಪಿಎಚ್ ಸರಿ ಮಾಡಲು ಒಂದು ಚೂರು ಹಾಕಿರುತ್ತಾರೆ, ಅಷ್ಟೇ. ‘ಹಣ್ಣಿನ ಆಮ್ಲ’ ಅಂತ ಹೆಸರಿಟ್ಟು ಒಳಗೆ ಕಬ್ಬಿನ ಸಾರ, ಕಿತ್ತಳೆ ಸಾರ ಮಾತ್ರ ಹಾಕಿದ್ದರೆ ಆಮ್ಲ ಎಷ್ಟಿದೆ ಅಂತ ನಿಮಗೆ ತಿಳಿಯುವುದೇ ಇಲ್ಲ. ಶೇಕಡಾ ಎಷ್ಟು ಅಂತ ಬಾಯಿಬಿಟ್ಟು ಹೇಳಿದ್ದನ್ನೇ ಕೊಳ್ಳಿ.

ಪಟ್ಟಿಯಲ್ಲಿ ಎರಡು ಹೆಸರು ನೋಡಿ ಜನ ಸುಮ್ನೆ ಹೆದರುತ್ತಾರೆ. ಒಂದು ಸೋಡಿಯಂ ಹೈಡ್ರಾಕ್ಸೈಡ್. ಸಾಬೂನಿಗೆ ಹಾಕುವ ಕಾಸ್ಟಿಕ್ ಸೋಡಾ ಅದೇ, ನಿಜ. ಆದರೆ ಇಲ್ಲಿ ಆಮ್ಲದ ಖಾರ ತಗ್ಗಿಸಲು ಸ್ವಲ್ಪ ಹಾಕುತ್ತಾರೆ, ಅದು ಇದ್ದರೆ ಒಳ್ಳೆಯದೇ. ಇನ್ನೊಂದು ಸಿಟೈಲ್ ಆಲ್ಕೋಹಾಲ್, ಸಿಟಿಯರೈಲ್ ಆಲ್ಕೋಹಾಲ್. ಇವು ಮೇಣದಂಥ ಜಿಡ್ಡು ಪದಾರ್ಥ, ಚರ್ಮ ಮೆತ್ತಗೆ ಮಾಡುತ್ತವೆ. ಒಣಗಿಸುವುದು ಆಲ್ಕೋಹಾಲ್ ಡಿನ್ಯಾಟ್. ಅದು ಮೊದಲ ನಾಲ್ಕೈದು ಹೆಸರಲ್ಲಿದ್ದರೆ ಅಮ್ಮನಿಗೂ ತಮ್ಮನಿಗೂ ಬೇಡ. ಪರ್ಫ್ಯೂಮ್, ಮೆಂಥಾಲ್, ಲಿಮೊನೀನ್, ಸಿಟ್ರಾಲ್ ಇದ್ದರೆ ಬೇಗ ಕೆಂಪಾಗುವ ಮುಖಕ್ಕೆ ದೂರ ಇಡಿ.

ಈಗ ನಿಮ್ಮ ಚರ್ಮ. ಎಣ್ಣೆ, ಬ್ಲ್ಯಾಕ್‌ಹೆಡ್, ಮೊಡವೆಗೆ ಸ್ಯಾಲಿಸಿಲಿಕ್ ಆಮ್ಲವೇ ಸರಿ. ಅದು ಎಣ್ಣೆಯಲ್ಲಿ ಕರಗುತ್ತದೆ, ಹಾಗಾಗಿ ಜಿಡ್ಡು ತುಂಬಿದ ರಂಧ್ರದೊಳಗೆ ಇಳಿಯುತ್ತದೆ. ನಿಮ್ಮ ಫೇಸ್‌ವಾಶ್ ಪರವಾಗಿಲ್ಲ, ಅದನ್ನೇ ಮುಂದುವರಿಸಿ. ಹಚ್ಚಿ ತಕ್ಷಣ ತೊಳೆಯದೆ ಒಂದು ನಿಮಿಷ ಬಿಡಿ. ಅದು ಸಾಲದಿದ್ದರೆ, ತೊಳೆಯದೆ ಬಿಡುವ 1% ಅಥವಾ 2%ದ್ದನ್ನು ವಾರಕ್ಕೆ ಎರಡು ರಾತ್ರಿ ಹಚ್ಚಿ. ವಿಲ್ಲೋ ತೊಗಟೆಯ ಸಾರ ಅಂತ ಬರೆದಿದ್ದರೆ ಅದನ್ನು ಸ್ಯಾಲಿಸಿಲಿಕ್ ಲೆಕ್ಕಕ್ಕೆ ಹಿಡಿಯಬೇಡಿ. ಮೊಡವೆ ಹೋದ ಮೇಲೆ ಉಳಿದ ಕಲೆಗೆ ಮ್ಯಾಂಡೆಲಿಕ್ ಆಮ್ಲ ನನಗೆ ಇಷ್ಟ. ಅದರ ಅಣು ದೊಡ್ಡದು, ನಿಧಾನಕ್ಕೆ ಇಳಿಯುತ್ತದೆ, ಉರಿ ಕಡಿಮೆ. ಗ್ಲೈಕೋಲಿಕ್ ಅಣು ಎಲ್ಲಕ್ಕಿಂತ ಚಿಕ್ಕದು, ಅದಕ್ಕೇ ಜೋರು. ಆಸ್ಪಿರಿನ್ ಅಲರ್ಜಿ ಇದ್ದವರು ಸ್ಯಾಲಿಸಿಲಿಕ್ ಮುಟ್ಟಬಾರದು. ಗರ್ಭಿಣಿಯರು ವೈದ್ಯರನ್ನು ಕೇಳದೆ ಹಚ್ಚಬಾರದು. ಮೊಡವೆಗೆ ಡಾಕ್ಟರ್ ಅಡಾಪಲೀನ್ ಜೆಲ್ ಕೊಟ್ಟಿದ್ದರೆ ಅದನ್ನು ಹಚ್ಚುವ ರಾತ್ರಿ ಆಮ್ಲ ಬೇಡ.

ತಮ್ಮನ ವಿಷಯದಲ್ಲಿ ಒಂದು ಮಾತು. ಧೂಳು ಬೇರೆ, ಸತ್ತ ಚರ್ಮ ಬೇರೆ. ಮಿಲ್ಲಿನ ಧೂಳು ಮೇಲೆ ಕೂತಿರುತ್ತದೆ, ಮೆತ್ತನೆಯ ಫೇಸ್‌ವಾಶ್‌ಗೆ ಹೋಗುತ್ತದೆ. ಅದಕ್ಕೆ ತಿಕ್ಕುವ ಅಗತ್ಯ ಇಲ್ಲ. ನಿಮ್ಮ ಸ್ಕ್ರಬ್‌ನ ಒಂದು ಚಿಟಿಕೆ ಬಿಳಿ ತಟ್ಟೆ ಮೇಲೆ ಹಾಕಿ, ನೀರು ಬಿಟ್ಟು ಹರಡಿ, ಬೆಳಕಿಗೆ ಹಿಡಿದು ನೋಡಿ. ಏಪ್ರಿಕಾಟ್ ಬೀಜದ ಪುಡಿ, ಅಕ್ರೋಟಿನ ಚಿಪ್ಪಿನ ಪುಡಿ ಎಷ್ಟೇ ನುಣ್ಣಗಿದ್ದರೂ ಅಂಚು ಚೂಪಾಗಿರುತ್ತದೆ. ಜೀನ್ಸ್ ಬಟ್ಟೆಯನ್ನು ಪ್ಯೂಮಿಸ್ ಕಲ್ಲಿನ ಜೊತೆ ತಿರುಗಿಸಿ ಬಣ್ಣ ಸವೆಸುವುದು ನಮ್ಮ ಬಳ್ಳಾರಿಯವರಿಗೆ ಗೊತ್ತು, ಸ್ಕ್ರಬ್ ಮುಖಕ್ಕೆ ಮಾಡುವುದೂ ಅದನ್ನೇ. ನನ್ನ ಪಾರ್ಲರ್‌ಗೆ ಬರುವವರಲ್ಲಿ ದಿನಾ ಸ್ಕ್ರಬ್ ಹಾಕುವವರು ಯಾರು ಅಂತ ದೀಪದ ಕೆಳಗೆ ಗೊತ್ತಾಗುತ್ತದೆ. ಕೆನ್ನೆಯ ಎಲುಬಿನ ಮೇಲೆ ಸಣ್ಣ ಗೀರು, ಮೂಗಿನ ಪಕ್ಕ ಹೊಳಪಾದ ಬಿಗಿ ಚರ್ಮ, ಅದರ ಸುತ್ತ ಕಂದು ನೆರಳು. ಮೊಡವೆ ಇದ್ದವರಂತೂ ಸ್ಕ್ರಬ್ ಹಾಕಲೇಬಾರದು, ಗುಳ್ಳೆ ಒಡೆದು ಇನ್ನಷ್ಟು ಕೆರಳುತ್ತದೆ. ಆ ಬಾಟಲಿ ದುಡ್ಡು ಕೊಟ್ಟು ತಂದಿದ್ದೀರಿ, ಬಿಸಾಡಬೇಡಿ. ಹಿಮ್ಮಡಿಗೆ, ಮೊಣಕೈಗೆ ಬಳಸಿ. ತಮ್ಮನಿಗೆ ಏನಾದರೂ ಬೇಕೇ ಬೇಕು ಅಂದರೆ ಪಟ್ಟಿಯಲ್ಲಿ ಗ್ಲುಕೋನೊಲ್ಯಾಕ್ಟೋನ್ ಹುಡುಕಿ. ಅದು ಪಿಎಚ್‌ಎ ಅನ್ನುವ ಮೆತ್ತನೆಯ ಆಮ್ಲಗಳ ಗುಂಪಿನದು, ದೊಡ್ಡ ಅಣು, ನೀರಿನ ಪಸೆಯನ್ನೂ ಹಿಡಿದಿಡುತ್ತದೆ. ಶೇವ್ ಮಾಡಿದ ದಿನ ಅದೂ ಬೇಡ.

ಉಜ್ಜಿದರೆ ಉಂಡೆ ಉಂಡೆಯಾಗಿ ಬರುವ ಪೀಲಿಂಗ್ ಜೆಲ್ ಬಗ್ಗೆ ಕಾಮೆಂಟಿನಲ್ಲಿ ಇನ್ನೊಬ್ಬರು ಕೇಳಿದ್ದಾರೆ. ಆ ಉಂಡೆಯಲ್ಲಿ ಬಹುಪಾಲು ಜೆಲ್ಲೇ ಇರುವುದು. ಕಾರ್ಬೋಮರ್ ಅಥವಾ ಸೆಲ್ಯುಲೋಸ್ ಉಜ್ಜಿದಾಗ ಸುತ್ತಿಕೊಳ್ಳುತ್ತದೆ. ಗಾಜಿನ ಮೇಲೆ ಉಜ್ಜಿ ನೋಡಿ, ಅಲ್ಲೂ ಬರುತ್ತದೆ.

ಅಮ್ಮನಿಗೆ ಸದ್ಯಕ್ಕೆ ಯಾವ ಆಮ್ಲವೂ ಬೇಡ. ಮೊದಲು ಆ ಟ್ಯೂಬಿನ ಮೇಲೆ ಬೀಟಾಮೆಥಾಸೋನ್, ಕ್ಲೋಬೆಟಸಾಲ್, ಮೊಮೆಟಾಸೋನ್ ಅಂತ ಇದೆಯಾ ನೋಡಿ. ಇದ್ದರೆ ಅದು ಸ್ಟೀರಾಯ್ಡ್. ತಿಂಗಳುಗಟ್ಟಲೆ ಮುಖಕ್ಕೆ ಹಚ್ಚಿದರೆ ಚರ್ಮ ತೆಳ್ಳಗಾಗುತ್ತದೆ, ನರದ ಗೆರೆ ಕಾಣುತ್ತದೆ, ಬಿಸಿಲಿಗೆ ಉರಿಯುತ್ತದೆ. ಅಂಥ ಚರ್ಮಕ್ಕೆ ಆಮ್ಲ ಬಿದ್ದರೆ ತಡೆಯುವುದಿಲ್ಲ. ಒಮ್ಮೆಲೇ ನಿಲ್ಲಿಸಿದರೂ ಕೆರಳಬಹುದು, ಅದಕ್ಕೆ ಚರ್ಮದ ಡಾಕ್ಟರಿಗೆ ತೋರಿಸಿಯೇ ಬಿಡಿಸಿ. ಬಂಗಿಗೆ ಬಿಸಿಲೇ ದೊಡ್ಡ ಶತ್ರು. ಬರೀ ಆಮ್ಲದಿಂದ ಅದು ಹೋಗುವುದಿಲ್ಲ, ಉರಿ ಎದ್ದರೆ ಇನ್ನೂ ಗಾಢವಾಗುತ್ತದೆ. ಐರನ್ ಆಕ್ಸೈಡ್ ಇರುವ ಬಣ್ಣದ ಸನ್‌ಸ್ಕ್ರೀನ್ ಬಂಗಿಗೆ ಹೆಚ್ಚು ಉಪಯೋಗ. ಟ್ಯೂಬಿನ ಸಮಸ್ಯೆ ಮುಗಿದ ಮೇಲೆ ಡಾಕ್ಟರ್ ಒಪ್ಪಿದರೆ 5% ಲ್ಯಾಕ್ಟಿಕ್ ಆಮ್ಲ ವಾರಕ್ಕೊಮ್ಮೆ ನೋಡಬಹುದು. ಒಣ ಚರ್ಮಕ್ಕೆ ಅದು ಹೊಂದುತ್ತದೆ, ಪಸೆ ಹಿಡಿಯುತ್ತದೆ. ಜೊತೆಗೆ ಗ್ಲಿಸರಿನ್, ಸೆರಮೈಡ್ ಇರುವ ಕ್ರೀಮ್ ಬೇಕು.

ಇನ್ನೊಂದು, ನಮ್ಮ ಕಡೆ ಬೋರ್ ನೀರು ಸವಳು. ಆ ನೀರಿಗೆ ಸಾಬೂನು ಸೇರಿದರೆ ಬಿಳಿ ಪದರ ಆಗಿ ಬಕೆಟ್ಟಿಗೆ ಅಂಟುತ್ತದೆ, ಮುಖಕ್ಕೂ ಅಂಟುತ್ತದೆ. ಕೆನ್ನೆ ಬಿಗಿದು ಬಿಳಿ ಹೊಟ್ಟು ಏಳುತ್ತದೆ. ಅದನ್ನು ಸತ್ತ ಚರ್ಮ ಅಂದುಕೊಂಡು ತಿಕ್ಕುವವರೇ ಜಾಸ್ತಿ. ಅದು ಒಣಗಿದ ಚರ್ಮ. ಸಾಬೂನು ಬಿಟ್ಟು ಸೋಪ್ ಇಲ್ಲದ ಕ್ಲೆನ್ಸರ್ ಬಳಸಿ, ಮುಖ ಒದ್ದೆ ಇರುವಾಗಲೇ ಮಾಯಿಶ್ಚರೈಸರ್ ಹಚ್ಚಿ. ಎಷ್ಟೋ ಜನಕ್ಕೆ ಸತ್ತ ಚರ್ಮ ತೆಗೆಯುವ ಎಕ್ಸ್‌ಫೋಲಿಯೇಟರ್ ಬೇಕೇ ಆಗುವುದಿಲ್ಲ.

ನಿಂಬೆರಸ, ಸಕ್ಕರೆ ಮುಖಕ್ಕೆ ಹಚ್ಚಿ ಅಂತ ಕಾಮೆಂಟಿನಲ್ಲಿ ಸಲಹೆ ಕೊಟ್ಟವರು ದಯವಿಟ್ಟು ಕೇಳಿ. ನಿಂಬೆರಸದ ಪಿಎಚ್ ಸುಮಾರು 2, ಮುಖದ ಪಿಎಚ್ 5ರ ಆಸುಪಾಸು. ನಿಂಬೆ ಹಚ್ಚಿ ಬಿಸಿಲಿಗೆ ಹೋದರೆ ಬೊಬ್ಬೆ ಏಳಬಹುದು. ಅಡುಗೆ ಸೋಡಾ ಕ್ಷಾರ, ಅದು ಇನ್ನೊಂದು ಕಡೆಯಿಂದ ಕೆಡಿಸುತ್ತದೆ. ಕಡಲೆಹಿಟ್ಟು ಬೇಕಿದ್ದರೆ ಜರಡಿ ಹಿಡಿದು, ಮೊಸರಲ್ಲಿ ತೆಳ್ಳಗೆ ಕಲಸಿ, ಒಣಗುವ ಮುಂಚೆಯೇ ತೊಳೆಯಿರಿ. ಒಣಗಿದ್ದನ್ನು ಉಜ್ಜಿ ಉದುರಿಸಬೇಡಿ. ಮೊಸರಿನ ಲ್ಯಾಕ್ಟಿಕ್ ಆಮ್ಲ ಕಡಿಮೆ, ಅದರಿಂದ ದೊಡ್ಡ ಬದಲಾವಣೆ ನಿರೀಕ್ಷಿಸಬೇಡಿ.

ಹೊಸದು ಶುರು ಮಾಡುವಾಗ ಒಂದು ಸಲಕ್ಕೆ ಒಂದೇ. ಕಿವಿಯ ಕೆಳಗೆ ದವಡೆ ಹತ್ತಿರ ಹಚ್ಚಿ ಎರಡು ದಿನ ಕಾಯಿರಿ. ಮುಖಕ್ಕೆ ಆಮ್ಲ ರಾತ್ರಿ ಮಾತ್ರ, ತೊಳೆದ ಮುಖ ಪೂರ್ತಿ ಒಣಗಿದ ಮೇಲೆ, ಬಟಾಣಿ ಕಾಳಿನಷ್ಟು. ಚರ್ಮ ಹೊಸದಾಗಲು ಸುಮಾರು 28 ದಿನ ಬೇಕು, ವಯಸ್ಸಾದಂತೆ ಇನ್ನೂ ಜಾಸ್ತಿ. ಒಂದು ವಾರಕ್ಕೆ ಏನೂ ಆಗಲಿಲ್ಲ ಅಂತ ದಿನಾ ಹಚ್ಚಬೇಡಿ. ಬೆಳಿಗ್ಗೆ ಎಸ್‌ಪಿಎಫ್ 30 ಅಥವಾ ಮೇಲಿನ ಸನ್‌ಸ್ಕ್ರೀನ್, ಎರಡು ಬೆರಳಿನ ಉದ್ದಕ್ಕೆ ಹಿಂಡಿದಷ್ಟು, ಮುಖಕ್ಕೂ ಕುತ್ತಿಗೆಗೂ. ಹೊರಗಿದ್ದರೆ ಎರಡು ಗಂಟೆಗೊಮ್ಮೆ. ಸನ್‌ಸ್ಕ್ರೀನಿಗೆ ದುಡ್ಡು ಇಲ್ಲ ಅಂದರೆ ಆಮ್ಲವನ್ನೂ ಕೊಳ್ಳಬೇಡಿ.

ಹಚ್ಚಿದಾಗ ಚುರುಕ್ ಅಂದು ಒಂದೆರಡು ನಿಮಿಷಕ್ಕೆ ನಿಂತರೆ ಸರಿ. ಉರಿ ನಿಲ್ಲದಿದ್ದರೆ ತಣ್ಣೀರಲ್ಲಿ ಚೆನ್ನಾಗಿ ತೊಳೆದು ಎಲ್ಲ ಬಿಟ್ಟು ಬರೀ ಮಾಯಿಶ್ಚರೈಸರ್ ಹಚ್ಚಿ. ಮುಖ ಊದಿದರೆ, ಗುಳ್ಳೆ ಎದ್ದು ನೀರು ಒಸರಿದರೆ ರಾಯಚೂರಿನ ರಿಮ್ಸ್ ಸರ್ಕಾರಿ ಆಸ್ಪತ್ರೆಯಲ್ಲಿ ಚರ್ಮದ ಡಾಕ್ಟರಿಗೆ ತೋರಿಸಿ. ಹೋಗುವಾಗ ಹಚ್ಚಿದ ಬಾಟಲಿ, ಟ್ಯೂಬು ಎಲ್ಲ ಚೀಲಕ್ಕೆ ಹಾಕಿಕೊಂಡು ಹೋಗಿ, ಪಟ್ಟಿ ನೋಡಿದರೆ ಅವರಿಗೆ ಬೇಗ ಗೊತ್ತಾಗುತ್ತದೆ.