ವಶಪಡಿಸಿಕೊಂಡ ವಿಮಾನ ಹಾರುತ್ತದಾ?

ಪ್ರಶ್ನೆ: ಇಲ್ಲಿಯ ಕಡಲತೀರದಲ್ಲಿ ಇಟ್ಟ ಟುಪೊಲೆವ್ ವಿಮಾನ ನೋಡಿದಾಗೆಲ್ಲ ಒಂದು ಅನುಮಾನ. ಬಂಡುಕೋರರ ಕೈಗೆ ಸೇನೆಯ ವಿಮಾನ ಸಿಕ್ಕರೆ ಅದನ್ನು ಹಾರಿಸಲು, ರಿಪೇರಿ ಮಾಡಲು ಅವರಿಗೆ ಆಗುತ್ತದಾ?
– ಓದುಗ, ಕಾರವಾರ

ಉತ್ತರ: ಹಾರಿಸಬಹುದು, ಆದರೆ ಜಾಸ್ತಿ ದಿನ ಅಲ್ಲ. ಪೈಲಟ್ ಸಿಗುತ್ತಾನೆ ಬಿಡಿ. 2021ರಲ್ಲಿ ಕಾಬೂಲ್ ಹಿಡಿದ ತಾಲಿಬಾನ್, ಹಳೆಯ ಸೇನೆಯ ಪೈಲಟ್‌ಗಳನ್ನೇ ವಾಪಸ್ ಕರೆಯಿತು. ನಿಜವಾದ ತಲೆನೋವು ಬಿಡಿಭಾಗಗಳದ್ದು. ಹೆಲಿಕಾಪ್ಟರ್ ಒಂದು ತಾಸು ಹಾರಿದರೆ ನೆಲದ ಮೇಲೆ ಹಲವು ತಾಸು ಕೆಲಸ, ಅದರಲ್ಲೂ ರೋಟರ್, ಗೇರ್‌ಬಾಕ್ಸ್‌ಗಳಿಗೆ ಇಂತಿಷ್ಟೇ ತಾಸು ಅಂತ ಆಯಸ್ಸು, ಮುಗಿದರೆ ಬದಲಿಸಲೇಬೇಕು. ತಾಲಿಬಾನ್ ಕೈಗೆ ಸಿಕ್ಕ ಬ್ಲ್ಯಾಕ್ ಹಾಕ್ ಅಮೆರಿಕದ ಹೆಲಿಕಾಪ್ಟರ್, ಅದರ ಭಾಗಗಳನ್ನು ಅಮೆರಿಕ ಅವರಿಗೆ ಕೊಡುತ್ತದಾ? ಸುಮ್ನೆ ಮಾತು! ಹಾಗಾಗಿ ಒಂದನ್ನು ಬಿಚ್ಚಿ ಇನ್ನೊಂದಕ್ಕೆ ಹಾಕುವುದೇ ದಾರಿ. 2022ರ ಸೆಪ್ಟೆಂಬರ್‌ನಲ್ಲಿ ಕಾಬೂಲ್‌ನಲ್ಲಿ ತರಬೇತಿ ವೇಳೆ ಬ್ಲ್ಯಾಕ್ ಹಾಕ್ ಒಂದು ಬಿದ್ದು ಮೂವರು ಸತ್ತರು. ರಷ್ಯಾದ ಎಂಐ-17 ಹೆಲಿಕಾಪ್ಟರ್ ಆದರೆ ಸ್ವಲ್ಪ ಸುಲಭ. ಅದು ಬಹಳ ದೇಶಗಳಲ್ಲಿದೆ, ಆಫ್ಘನ್ ಮೆಕ್ಯಾನಿಕ್‌ಗಳ ಕೈಗೂ ಪಳಗಿದೆ.