ಹೊಳೆಯಾಚೆಯ ದೀಪದ ಮನೆ

(ಗುರುತು ಸಿಗಬಾರದೆಂದು ಮನೆಯ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.)

ನನ್ನ ಬಳಿ ಸಮಾಲೋಚನೆಗೆ ಮೊದಲು ಬಂದವರು ಹೆಂಡತಿ. ‘ಇವರು ಸನ್ಯಾಸಿ ಆಗಿಬಿಡ್ತಾರೇನೋ ಅಂತ ಹೆದರಿಕೆ ಮೇಡಂ. ದಿನಾ ಬೆಳಿಗ್ಗೆ ಬಸ್ಸು ಹತ್ತಿ ಕುಶಾಲನಗರ, ಅಲ್ಲಿಂದ ಕೊಪ್ಪ ಸೇತುವೆ ದಾಟಿ ಬೈಲುಕುಪ್ಪೆಯ ಟಿಬೆಟನ್ ಕ್ಯಾಂಪು. ಮರ ಕಪಾತು ಮಾಡಿಸುವ ಹೊತ್ತು, ತೋಟದ ಕಡೆ ತಲೆ ಹಾಕಲ್ಲ’ ಎಂದರು. ಮುಂದಿನ ವಾರ ಗಂಡನನ್ನೂ ಕರೆತಂದರು.

ಐವತ್ತು ದಾಟಿದ ಮನುಷ್ಯ. ಹೊರಗೆ ಜೂನ್ ಮಳೆ ಹಿಡಿದಿತ್ತು. ತಗಡಿನ ಮೇಲೆ ಮಳೆ ಜೋರಾದಾಗಲೆಲ್ಲ ಅವರ ಮಾತು ಅರ್ಧಕ್ಕೇ ನಿಲ್ಲುತ್ತಿತ್ತು, ಕಣ್ಣು ಕಿಟಕಿಯ ಕಡೆ ಹೋಗುತ್ತಿತ್ತು. 2018ರ ಆಗಸ್ಟ್ ಮಧ್ಯದಲ್ಲಿ ಮಡಿಕೇರಿ ಸುತ್ತಿನ ಬೆಟ್ಟಗಳು ಜರಿದಾಗ ಇವರ ತಮ್ಮ ಮಣ್ಣಿನಡಿ ಸಿಕ್ಕಿ ಹೋದ. ತಮ್ಮನ ಹೆಂಡತಿ ಮತ್ತು ಮಗಳು ಮುಂದಿನ ಜಗಲಿಯಲ್ಲಿದ್ದುದರಿಂದ ಉಳಿದರು. ಹನ್ನೊಂದನೇ ದಿನದ ಕಾರ್ಯವನ್ನು ಗಂಜಿ ಕೇಂದ್ರದಲ್ಲಿದ್ದುಕೊಂಡೇ ಮುಗಿಸಿದ್ದರು. ಆಮೇಲೆ ಜಗಳ ಶುರುವಾಯಿತು. ಐದು ಎಕರೆ ತೋಟ ಬಾಯಿ ಮಾತಿನಲ್ಲಿ ಮಾತ್ರ ಪಾಲಾಗಿತ್ತು, ಮಣ್ಣು ನುಂಗಿದ್ದು ತಮ್ಮನ ಪಾಲನ್ನು. ಉಳಿದದ್ದನ್ನು ಮತ್ತೆ ಪಾಲು ಮಾಡಿ ಎಂದು ಆಕೆ ಕೇಳುತ್ತಾಳೆ. ಇವರ ತಾಯಿ, ಹೆಂಡತಿ ಒಪ್ಪುವುದಿಲ್ಲ. ಇವರು ಹೂಂ ಎಂದೂ ಇಲ್ಲ, ಇಲ್ಲ ಎಂದೂ ಇಲ್ಲ.

‘ಬೈಲುಕುಪ್ಪೆಯಲ್ಲಿ ಏನು ಮಾಡ್ತೀರಿ?’ ಎಂದು ಕೇಳಿದೆ.

ಆಗ ಮುಖ ಸ್ವಲ್ಪ ಸಡಿಲವಾಯಿತು. ಪ್ರವಾಸಿಗರು ತುಂಬಿರುವ ಗೋಲ್ಡನ್ ಟೆಂಪಲ್ ಅಲ್ಲ, ಒಳಗಿನ ರಸ್ತೆಯ ಒಂದು ಸಣ್ಣ ಗೊಂಪ, ಅಂದರೆ ಬೌದ್ಧ ಮಠ. ಅದರ ಬದಿಗೆ ದೀಪದ ಮನೆ. ನಂದಿದ ಹಿತ್ತಾಳೆ ಬಟ್ಟಲುಗಳಿಂದ ಕರಕಲು ಬತ್ತಿಯನ್ನು ಕಡ್ಡಿಯಲ್ಲಿ ಕಿತ್ತು ತೆಗೆಯುವುದು, ಅಂಟಿದ ವನಸ್ಪತಿಯನ್ನು ಬಟ್ಟೆಯಲ್ಲಿ ಉಜ್ಜುವುದು, ಬೋರಲು ಹಾಕಿ ಸಾಲಾಗಿ ಇಡುವುದು. ಹೇಳುವಾಗ ಹೆಬ್ಬೆರಳು ತನ್ನಷ್ಟಕ್ಕೆ ಬಟ್ಟಲು ಒರೆಸುವ ಹಾಗೆ ತಿರುಗುತ್ತಿತ್ತು. ಅದೇ ಕೈ, ಮೊದಲ ಹತ್ತು ನಿಮಿಷ ನಡುಗುತ್ತಿದ್ದ ಕೈ.

ಅಲ್ಲಿ ಒಬ್ಬರು ಟಿಬೆಟನ್ ಅಜ್ಜಿ ಜಪಮಣಿ ಎಣಿಸುತ್ತ ಕೂರುತ್ತಾರಂತೆ. ಎಷ್ಟೋ ದಿನ ಫ್ಲಾಸ್ಕಿನಿಂದ ಚಹಾ ಬಗ್ಗಿಸಿ ಕೊಟ್ಟದ್ದು ಬಿಟ್ಟರೆ ಮಾತಿಲ್ಲ. ಒಂದು ದಿನ ಸಂತೆಯ ಕನ್ನಡದಲ್ಲಿ ಕೇಳಿದರಂತೆ, ‘ಯಾರು ಹೋದ್ರು?’ ‘ತಮ್ಮ’ ಎಂದರಂತೆ ಇವರು. ‘ನಂದು ಅಣ್ಣ. ಬರುವಾಗ, ದಾರಿಯಲ್ಲಿ’ ಎಂದು ಹೇಳಿ ಅಜ್ಜಿ ಮತ್ತೆ ಮಣಿ ಎಣಿಸತೊಡಗಿದರಂತೆ.

1959ರ ನಂತರ ಹಿಮಾಲಯ ದಾಟಿ ಬಂದ ಟಿಬೆಟನ್ನರಿಗೆ ಆಗಿನ ಮೈಸೂರು ರಾಜ್ಯ ಬೈಲುಕುಪ್ಪೆಯಲ್ಲಿ ಕೊಟ್ಟದ್ದು ಕಾಡುನೆಲ. ಅವರು ಅದನ್ನು ಕಡಿದು ಮುಸುಕಿನ ಜೋಳ ಬಿತ್ತಿದರು. ಟಿಬೆಟನ್ ಗುರು ಪೆನೋರ್ ರಿಂಪೋಚೆ 1963ರಲ್ಲಿ ಅಲ್ಲಿ ನಾಮ್‌ಡ್ರೋಲಿಂಗ್ ಮಠವನ್ನು ಶುರು ಮಾಡಿದಾಗ ಅದು ಬಿದಿರಿನ ಗುಡಿ. ಇಂದು ಎಲ್ಲರೂ ಫೋಟೊ ತೆಗೆಯುವ ಚಿನ್ನದ ಬಣ್ಣದ ದೇಗುಲ 1999ರದ್ದು. ಮನೆ, ನೆಲ, ಒಡಹುಟ್ಟಿದವರನ್ನು ಕಳೆದುಕೊಂಡವರೇ ಕಟ್ಟಿದ ಊರು ಅದು. ಅಲ್ಲಿ ದುಃಖಕ್ಕೆ ವಿವರಣೆ ಕೊಡಬೇಕಿಲ್ಲ. ಸತ್ತವರಿಗಾಗಿ ವಾರವಾರ ಪ್ರಾರ್ಥಿಸುತ್ತ 49 ದಿನ ಜೊತೆ ಕೊಡುವ ಪದ್ಧತಿ ಅವರದು. ನಮ್ಮವರಿಗೆ ಆ ಆಗಸ್ಟಿನಲ್ಲಿ ಅಳಲು ಜಾಗವೂ ಇರಲಿಲ್ಲ.

ಹಾಗಾಗಿ ಹೆಂಡತಿಗೆ ಮೊದಲು ಹೇಳಿದ್ದು ಇಷ್ಟು: ‘ಹೋಗುವುದನ್ನು ನಿಲ್ಲಿಸಬೇಡಿ. ಇಷ್ಟು ವರ್ಷ ಅವರನ್ನು ಉಳಿಸಿದ್ದು ಅದೇ.’ ಸಾಯಬೇಕೆಂದು ಅನ್ನಿಸಿದೆಯೇ ಎಂದು ಅವರನ್ನೇ ನೇರವಾಗಿ ಕೇಳಿದೆ. ಎರಡು ಸಲ ಅನ್ನಿಸಿತ್ತು. ರಾತ್ರಿ ಎರಡಕ್ಕೆ ಎದ್ದು ಮನೆ ಹಿಂದಿನ ಬರೆಗೆ, ಆ ಮಣ್ಣಿನ ಕಡಿದಾದ ಇಳಿಜಾರಿಗೆ, ಕಿವಿಗೊಟ್ಟು ಕೂರುತ್ತಾರೆ. ಆರು ತಿಂಗಳು ದಾಟಿಯೂ ದುಃಖ ಬದುಕನ್ನು ಹೀಗೆ ಹಿಡಿದು ನಿಲ್ಲಿಸಿದ್ದರೆ ಅದಕ್ಕೆ ಚಿಕಿತ್ಸೆ ಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿ ಐಸಿಡಿ-11 ಕೂಡ ಅದನ್ನು ಪ್ರತ್ಯೇಕ ತೊಂದರೆಯೆಂದೇ ಗುರುತಿಸುತ್ತದೆ. ಮನೋವೈದ್ಯರ ಬಳಿ ಕಳಿಸಿದೆ. ರಾತ್ರಿ ಯೋಚನೆ ಹೆಚ್ಚಾದರೆ ಕರೆ ಮಾಡಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ಇಬ್ಬರ ಫೋನಿನಲ್ಲೂ ಹಾಕಿಸಿದೆ. ಧ್ಯಾನ ಇದ್ದರೆ ಮಾತ್ರೆ ಬೇಡ ಎಂಬ ಮಾತನ್ನು ನಾನು ಒಪ್ಪುವುದಿಲ್ಲ.

ನಾಲ್ಕನೇ ಭೇಟಿಯಲ್ಲಿ ಅವರಿಗೆ ಬುದ್ಧನ ಕಾಲದ ಪಟಾಚಾರ ಎಂಬ ಹೆಂಗಸಿನ ಕಥೆ ಹೇಳಿದೆ. ಒಂದು ಮಳೆರಾತ್ರಿಯಲ್ಲಿ ಅವಳ ಗಂಡ ಹಾವು ಕಚ್ಚಿ ಸತ್ತ. ಮರುದಿನ ಹೊಳೆ ದಾಟುವಾಗ ಹಸುಗೂಸನ್ನು ಗಿಡುಗ ಒಯ್ದಿತು, ದೊಡ್ಡ ಮಗ ನೀರುಪಾಲಾದ. ತವರಿಗೆ ಬಂದರೆ ಅದೇ ಮಳೆಗೆ ಮನೆ ಕುಸಿದು ತಂದೆ, ತಾಯಿ, ಅಣ್ಣ ಒಂದೇ ಚಿತೆಯಲ್ಲಿ. ಬುದ್ಧಿ ಕಳೆದುಕೊಂಡು ಅಲೆಯುತ್ತಿದ್ದವಳಿಗೆ ಬುದ್ಧ ಅಂದದ್ದು, ‘ತಂಗೀ, ಎಚ್ಚರಕ್ಕೆ ಬಾ.’ ಮುಂದೆ ಭಿಕ್ಷುಣಿಯಾದ ಅವಳು ಭಿಕ್ಷುಣಿಯರ ಹಾಡುಗಳ ಸಂಗ್ರಹವಾದ ಥೇರೀಗಾಥೆಯಲ್ಲಿ ಹೇಳಿಕೊಳ್ಳುತ್ತಾಳೆ: ಕಾಲು ತೊಳೆದೆ, ನೀರು ಎತ್ತರದಿಂದ ತಗ್ಗಿಗೆ ಹರಿಯುವುದನ್ನು ನೋಡಿದೆ, ಮನಸ್ಸು ನಿಂತಿತು. ‘ದಿನಾ ಸಂಜೆ ನೀವೂ ಕಾಲಿನ ಕೆಂಪು ಮಣ್ಣು ತೊಳೀತೀರಲ್ಲ, ಮೂರು ತಂಬಿಗೆ ನಿಧಾನವಾಗಿ ಹಾಕಿ. ಪ್ರತಿ ಸಲ ನೀರು ಎಲ್ಲಿಯವರೆಗೆ ಹೋಗುತ್ತದೆ ನೋಡಿ. ಮಳೆ ಸದ್ದಿಗೆ ಎದೆ ಹೊಡೆದುಕೊಂಡಾಗಲೂ ಅಷ್ಟೇ ಮಾಡಿ’ ಎಂದೆ.

ಅವರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, ಯಾರಿಗೂ ಹೇಳದ್ದನ್ನು ಹೇಳಿದರು. ಆ ರಾತ್ರಿ ತಮ್ಮ ಫೋನ್ ಮಾಡಿದ್ದ. ‘ಬರೆಯಲ್ಲಿ ನೀರು ಒಸರ್ತಾ ಇದೆ ಅಣ್ಣ, ಈಗಲೇ ಅಲ್ಲಿಗೆ ಬರ್ಲಾ?’ ‘ಈ ಕತ್ತಲೇಲಿ ಮಗೂನ ಯಾಕೆ ಎಬ್ಬಿಸ್ತೀಯ, ಬೆಳಿಗ್ಗೆ ನೋಡುವ’ ಎಂದಿದ್ದರು ಇವರು.

ಗಂಟು ತೋಟದ್ದಲ್ಲ ಎಂದು ನನಗೆ ಆಗ ತಿಳಿಯಿತು. ಆಕೆಯ ಎದುರು ಕೂತರೆ ಈ ಮಾತು ಬಾಯಿಗೆ ಬರುತ್ತದೆ ಎಂದು ಐದೆಕರೆಯ ಮಾತನ್ನೂ ಮುಂದೂಡುತ್ತಿದ್ದರು. ಗೊಂಪದಲ್ಲಿ ಆ ಭಯವಿಲ್ಲ, ಅಲ್ಲಿ ಇವರಿಂದ ಏನೂ ಬರಬೇಕಾದವರಿಲ್ಲ.

ಅವರಿಗೆ ಹೇಳಿದೆ: ‘ಬುದ್ಧ, ಧಮ್ಮ ಆದ ಮೇಲೆ ಶರಣು ಹೋಗುವುದು ಸಂಘಕ್ಕೆ. ಸಂಘ ಅಂದರೆ ಮನುಷ್ಯರು. ಅಜ್ಜಿ ನಿಮಗೆ ತನ್ನ ಅಣ್ಣನ ಮಾತು ಹೇಳಿದರಲ್ಲ, ಅಷ್ಟೇ ಚಿಕ್ಕದಾಗಿ ನೀವೂ ಹೇಳಿ. ಕ್ಷಮೆ ಸಿಗಲಿ ಅಂತ ಹೋಗಬೇಡಿ. ಆಕೆ ಬೈದರೆ ಕೇಳಿಸಿಕೊಳ್ಳಿ. ಅದೇ ದಿನ ತೋಟದ ಮಾತು ಎತ್ತಬೇಡಿ.’ ಎರಡು ವಾರ ಆ ಮಾತನ್ನೇ ಆಡಿಸಿ ನೋಡಿದೆವು. ಪಾಲಿನ ವಿಷಯಕ್ಕೆ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಲು ಹೇಳಿದೆ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಂತೆ ಹೆಂಗಸರಿಗೆ ಆದಾಯ ನೋಡದೆ ಉಚಿತ ನೆರವು ಸಿಗುತ್ತದೆ. ತಮ್ಮನ ಹೆಂಡತಿಗೆ ಅವರದೇ ವಕೀಲರು ಇರಲಿ ಎಂದು ಒತ್ತಿ ಹೇಳಿದೆ.

ಜುಲೈ ಕೊನೆಯಲ್ಲಿ ಹೋಗಿ ಬಂದರು. ‘ಬಾಗಿಲಲ್ಲೇ ನಿಂತು ಹೇಳಿದೆ ಮೇಡಂ. ಅವಳು, ಗೊತ್ತು ಭಾವ, ಫೋನು ಸ್ಪೀಕರಿನಲ್ಲಿತ್ತು ಅಂದಳು.’ ಆಮೇಲೆ ಒಳಗೆ ಹೋಗಿ ಕಾಫಿ ತಂದಳಂತೆ. ಅಷ್ಟು ಕುಡಿಯಲು ಅರ್ಧ ಗಂಟೆ ಬೇಕಾಯಿತಂತೆ.

ಸಂಧಾನ ಎರಡು ಸಲ ಕೂತಿದೆ, ತೀರ್ಮಾನವಾಗಿಲ್ಲ. ತಾಯಿಯ ಕೋಪ ಇಳಿದಿಲ್ಲ. ಮಾತ್ರೆ ನಡೆಯುತ್ತಿದೆ. ಬೈಲುಕುಪ್ಪೆಗೆ ಈಗ ಭಾನುವಾರ ಮಾತ್ರ ಹೋಗುತ್ತಾರೆ. ಈ ಆಗಸ್ಟಿನಲ್ಲಿ ಒಂದು ದೀಪ ಜಾಸ್ತಿ ಹಚ್ಚಿಸಿ ಎಂದು ತಮ್ಮನ ಹೆಂಡತಿ ಮಗಳ ಕೈಯಲ್ಲಿ ದುಡ್ಡು ಕಳಿಸಿದ್ದಳು.