ಐದು ನಿಮಿಷ ದಾಟಿದರೆ ಕಾಯಬೇಡಿ

ಪ್ರಶ್ನೆ: ನನ್ನ ಮಗನಿಗೆ 14 ವರ್ಷ. ಆರು ವರ್ಷದಿಂದ ಮೂರ್ಛೆರೋಗವಿದೆ. ಫಿಟ್ಸ್ ಬಂದರೂ ಒಂದೆರಡು ನಿಮಿಷದಲ್ಲಿ ತಾನಾಗಿ ನಿಲ್ಲುತ್ತಿತ್ತು. ಹೋದ ತಿಂಗಳು ಜ್ವರದಲ್ಲಿ ಬಂದದ್ದು ನಿಲ್ಲಲೇ ಇಲ್ಲ. ಡಾಕ್ಟರು ಬರೆದುಕೊಟ್ಟ ಮಿಡಜೋಲಾಮ್ ಮೂಗಿನ ಸ್ಪ್ರೇ ಮನೆಯಲ್ಲೇ ಇತ್ತು. ಉಸಿರು ನಿಂತುಬಿಟ್ಟೀತೆಂಬ ಭಯಕ್ಕೆ ಹಾಕಲಿಲ್ಲ. ಆಸ್ಪತ್ರೆಯಲ್ಲಿ ಇಂಜೆಕ್ಷನ್ ಕೊಟ್ಟ ಮೇಲೆ ನಿಂತಿತು. ಎಷ್ಟು ಹೊತ್ತು ಕಾಯಬಹುದು? ನಾನು ತಪ್ಪು ಮಾಡಿದೆನೇ?

ಉತ್ತರ: ಇಲ್ಲ ತಾಯಿ. ಸ್ಪ್ರೇ ಬರೆದುಕೊಟ್ಟು, ಯಾವಾಗ ಹಾಕಬೇಕೆಂದು ಕೂರಿಸಿಕೊಂಡು ಹೇಳದಿದ್ದರೆ ಅದು ನಮ್ಮಂಥ ವೈದ್ಯರ ತಪ್ಪು.

ಮೈ ಸೆಟೆದು ಅದುರುವ ಫಿಟ್ಸ್ ಹೆಚ್ಚಾಗಿ ಎರಡು ಮೂರು ನಿಮಿಷದಲ್ಲಿ ನಿಲ್ಲುತ್ತದೆ. ಐದು ದಾಟಿದರೆ ತಾನಾಗಿ ನಿಲ್ಲುವ ಸಂಭವ ಕಡಿಮೆ. ಇದನ್ನೇ ನಾವು ಸ್ಟೇಟಸ್ ಎಪಿಲೆಪ್ಟಿಕಸ್ ಅನ್ನುವುದು. ನಾನು ಓದುವಾಗ ಇದರ ಗಡಿ 30 ನಿಮಿಷವಿತ್ತು. ಈಗ ಅರ್ಧ ಗಂಟೆಯೆಂದರೆ ಮಿದುಳಿಗೆ ಶಾಶ್ವತ ಪೆಟ್ಟು ಬೀಳಬಹುದಾದ ಹೊತ್ತು. ಔಷಧಿ ಕೊಡಬೇಕಾದದ್ದು ಐದಕ್ಕೇ. ತಡವಾದಷ್ಟೂ ಮಿದುಳಿನಲ್ಲಿ ಆ ಔಷಧಿ ಹಿಡಿಯಬೇಕಾದ ಕೊಂಡಿಗಳು ಜೀವಕೋಶದ ಒಳಗೆ ಸರಿದುಕೊಳ್ಳುತ್ತವೆ. ಅದೇ ಔಷಧಿ ಆಗ ಅಷ್ಟು ನಾಟುವುದಿಲ್ಲ.

ನಿಮ್ಮ ಭಯ ನನಗೆ ಅರ್ಥವಾಗುತ್ತದೆ. ಆದರೆ ಉಸಿರನ್ನು ಹೆಚ್ಚು ಕೆಡಿಸುವುದು ನಿಲ್ಲದ ಫಿಟ್ಸೇ. ಆಂಬುಲೆನ್ಸಿನಲ್ಲೇ ವಯಸ್ಕರಿಗೆ ಇದೇ ಗುಂಪಿನ ಔಷಧಿಯನ್ನು ರಕ್ತನಾಳಕ್ಕೆ ಕೊಟ್ಟು ನೋಡಿದ ಅಧ್ಯಯನವೊಂದು 2001ರಲ್ಲಿ ಪ್ರಕಟವಾಯಿತು. ಉಸಿರು, ರಕ್ತದೊತ್ತಡದ ತೊಂದರೆ ಔಷಧಿ ಪಡೆದವರಲ್ಲಿ ನೂರಕ್ಕೆ ಹತ್ತರಷ್ಟು ಮಂದಿಗೆ ಆದರೆ, ಔಷಧಿಯಿಲ್ಲದ ಇಂಜೆಕ್ಷನ್ ಪಡೆದವರಲ್ಲಿ 22ಕ್ಕೂ ಹೆಚ್ಚು ಮಂದಿಗೆ ಆಗಿತ್ತು. ವೈದ್ಯರು ಬರೆದ ಪ್ರಮಾಣದಲ್ಲಿ ಹಾಕಿ, ಆಂಬುಲೆನ್ಸ್ ಕರೆಯಿರಿ, ಉಸಿರಾಟ ನೋಡುತ್ತಿರಿ. ಎರಡನೇ ಸಲ ಮಾತ್ರ ಅವರು ಹೇಳಿದ್ದರಷ್ಟೇ.

ಶುರುವಾದ ತಕ್ಷಣ ಗಡಿಯಾರ ನೋಡಿ. ಒಬ್ಬ ತಂದೆ "ಸ್ವಲ್ಪ ಹೊತ್ತು ಬಂದಿತ್ತು" ಅಂದಿದ್ದರು. ಅವರ ಮೊಬೈಲ್ ವಿಡಿಯೋದಲ್ಲಿ 11 ನಿಮಿಷವಿತ್ತು. ಗಾಬರಿಯಲ್ಲಿ ಅಂದಾಜು ಯಾರಿಗೂ ಸಿಗುವುದಿಲ್ಲ. ಬಾಯಿಗೆ ಏನೂ ಇಡಬೇಡಿ, ನೀರೂ ಬೇಡ. ಕೈಕಾಲು ಅದುಮಬೇಡಿ. ಅದುರು ನಿಂತೊಡನೆ ಪಕ್ಕಕ್ಕೆ ಮಲಗಿಸಿ.

ಪೂರ್ತಿ ಎಚ್ಚರವಾಗುವ ಮುಂಚೆಯೇ ಮತ್ತೊಂದು ಬಂದರೆ ಐದು ನಿಮಿಷದ ಲೆಕ್ಕ ಬೇಡ, ಅದೂ ತುರ್ತೇ. ಅದುರು ನಿಂತರೂ ರೆಪ್ಪೆಯೋ ಬೆರಳೋ ಮಿಡಿಯುತ್ತಾ, ಕರೆದರೆ ಓಗೊಡದಿದ್ದರೆ, ನಿದ್ದೆಯೆಂದು ಬಿಡಬೇಡಿ. ಒಳಗೆ ಫಿಟ್ಸ್ ಮುಂದುವರಿದಿರಬಹುದು.

ಜ್ವರ ಬಂದಾಗ ಫಿಟ್ಸ್‌ನ ಮಾತ್ರೆ ಒಂದು ಹೊತ್ತೂ ತಪ್ಪಬಾರದು. ವಾಂತಿಯಾಗಿ ಮಾತ್ರೆ ನಿಲ್ಲದಿದ್ದರೆ ಅವತ್ತೇ ವೈದ್ಯರಿಗೆ ತಿಳಿಸಿ. ಸ್ಪ್ರೇಯ ಅವಧಿ ಮುಗಿದಿದೆಯೇ ನೋಡಿಕೊಳ್ಳಿ. ಅವನ ಶಾಲೆಯಲ್ಲೂ ಒಂದಿರಲಿ, ಹಾಕುವುದು ಅಲ್ಲೊಬ್ಬರಿಗೆ ತಿಳಿದಿರಲಿ.